ಅರಸರಿಲ್ಲದ ರಾಜಧಾನಿಯಲ್ಲಿ ಮೂರು ಪ್ರಶ್ನೆ

ಪ್ರವಾಸ ಅಂದರೆ ನಮಗೆ ಗೊತ್ತಿರುವುದು ಇಷ್ಟೇ: ಕೋಟೆ ಮುಂದೆ ಸೆಲ್ಫಿ, ಗೇಟಿನ ಹತ್ತಿರ ಗಿರ್ಮಿಟ್ಟು, ಸಂಜೆಗೆ ವಾಪಸ್ ಬಸ್ಸು. ಕೇಳಿಸಿಕೊಂಡ ಅರಸರ ಹೆಸರು ಹಾಸ್ಟೆಲ್ ಮುಟ್ಟುವಷ್ಟರಲ್ಲಿ ಮರೆತಿರುತ್ತದೆ. ಈ ಸಲ ಬೇರೆ ಥರ ನೋಡೋಣ ಅಂದುಕೊಂಡೆವು. ಹಳೆಯ ಕಟ್ಟಡ ಎದುರಾದಾಗಲೆಲ್ಲ ಮೂರೇ ಪ್ರಶ್ನೆ ಕೇಳುವುದು. ಇದನ್ನು ಯಾವುದರಿಂದ ಕಟ್ಟಿದ್ದಾರೆ? ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ? ಇವತ್ತು ಇದನ್ನು ಯಾರು ಬಳಸುತ್ತಿದ್ದಾರೆ?

ಅಗಸೂರಿನ ಗೋಡೆ

ಪಾಠ ಶುರುವಾಗುವುದು ಅಂಕೋಲಾದಿಂದ ಹುಬ್ಬಳ್ಳಿ ಕಡೆ ಹೋಗುವ ಹೆದ್ದಾರಿಯ ಅಗಸೂರಿನಿಂದ. ಇಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಆದರೆ ನಮ್ಮ ಕರಾವಳಿಯ ಕೋಟೆಗಳ ಕಲ್ಲು ಇಲ್ಲಿನ ಮನೆಗೋಡೆಗಳಲ್ಲೇ ಸಿಗುತ್ತದೆ. ಅದೇ ಚಿರೇಕಲ್ಲು, ಪುಸ್ತಕದ ಭಾಷೆಯಲ್ಲಿ ಲ್ಯಾಟರೈಟ್. ಗಣಿಯಲ್ಲಿ ಇರುವಾಗ ಮೆತ್ತಗೆ, ಕೊಡಲಿಯಂಥ ಹತಾರದಲ್ಲೇ ಕಡಿಯಬಹುದು. ಹೊರಗೆ ತೆಗೆದು ಗಾಳಿಗೆ ಒಣಗಿಸಿದರೆ ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳಿಂದಾಗಿ ಗಟ್ಟಿಯಾಗುತ್ತದೆ. ಒಂದು ದೌರ್ಬಲ್ಯವೂ ಉಂಟು: ಮೈತುಂಬ ರಂಧ್ರ. ನೀರು ಒಳಗೆ ಇಳಿಯುತ್ತದೆ, ಅದರ ಹಿಂದೆಯೇ ಆಲ, ಅತ್ತಿಯ ಬೇರು ಬರುತ್ತದೆ. ಹಳಬರು ಸುಣ್ಣದ ಗಾರೆ ಬಳಸಿದ್ದು ಸುಮ್ಮನೆ ಅಲ್ಲ. ಸುಣ್ಣ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದೇ ಹಳೆಯ ಗೋಡೆಗೆ ಗಟ್ಟಿ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲು ಪುಡಿಯಾಗುತ್ತದೆ.

ಘಟ್ಟದ ಮೇಲಿನ ಸೋದೆ

ಅಗಸೂರಿನಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಅಲ್ಲಿಂದ ಶಿರಸಿ ರಸ್ತೆ ಹಿಡಿದರೆ ಸೋದೆ. ಸೋಂದಾ, ಸ್ವಾದಿ, ಸುಧಾಪುರ ಎಲ್ಲವೂ ಇದೇ ಊರು. 16ನೆಯ ಶತಮಾನದಲ್ಲಿ ವಿಜಯನಗರದ ಅಧೀನದಲ್ಲಿ ಬೆಳೆದ ನಾಯಕರ ರಾಜಧಾನಿ. ಅವರಲ್ಲಿ ಅರಸಪ್ಪ ನಾಯಕ ಹೆಸರಾದವನು. ಮುಂದೆ 17ನೆಯ ಶತಮಾನದಲ್ಲಿ ಆಳಿದ ಸದಾಶಿವರಾಯ ಸ್ವರವಚನಗಳನ್ನು ಬರೆದ ಕವಿಯೂ ಹೌದು. ಕನ್ನಡ ಸಂಘದವರು ಇದನ್ನು ಮರೆಯಬಾರದು ನೋಡಿ!

1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು, ಅದರ ಬೆನ್ನಿಗೇ ಸೋದೆಯೂ ಹೋಯಿತು. ಕೊನೆಯ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಆ ಮನೆತನ ಫೋಂಡಾ ಹತ್ತಿರದ ಬಾಂದಿವಡೆಯಲ್ಲಿ ನೆಲೆನಿಂತಿತು.

ಈಗ ನಮ್ಮ ಮೂರನೆಯ ಪ್ರಶ್ನೆ ಕೇಳಿ. ಸೋದೆಯ ಕೋಟೆಯಲ್ಲಿ ಇವತ್ತು ಉಳಿದಿರುವುದು ಗೋಡೆಯ ಭಾಗಗಳು ಮತ್ತು ಹಳೆಯ ತೋಪುಗಳು. ಅರಮನೆಯ ಸೂರು ಇಲ್ಲ. ಅಲ್ಲಿಂದ ಸ್ವಲ್ಪ ದೂರದ ವಾದಿರಾಜ ಮಠದಲ್ಲಿ ಬೆಳಗ್ಗೆಯಿಂದ ಜನ. ವಾದಿರಾಜರ ವೃಂದಾವನ, ತ್ರಿವಿಕ್ರಮ ದೇವಾಲಯ, ಧವಳಗಂಗೆ ಕೆರೆ ಎಲ್ಲವೂ ಬಳಕೆಯಲ್ಲಿವೆ. ಸ್ವರ್ಣವಲ್ಲಿ ಮಠ ಮತ್ತು ಜೈನ ಮಠ ಕೂಡ ಹಾಗೆಯೇ. ದ್ವೈತ, ಅದ್ವೈತ, ಜೈನ ಮೂರಕ್ಕೂ ಜಾಗ ಇದ್ದ ಊರು ಇದು. ಮಳೆ ಕೋಟೆಯ ಮೇಲೂ ಬಿತ್ತು, ಮಠದ ಮೇಲೂ ಬಿತ್ತು. ಮಠದಲ್ಲಿ ಹೆಂಚು ಜಾರಿದರೆ ಮರುದಿನ ಯಾರೋ ಏರಿ ಸರಿಮಾಡಿದರು. ಕೋಟೆಯಲ್ಲಿ ಹಾಗೆ ಏರುವವರು ಯಾರೂ ಇರಲಿಲ್ಲ.

ಹತ್ತಿರದ ಸಹಸ್ರಲಿಂಗಕ್ಕೂ ಹೋಗಲೇಬೇಕು. ಶಾಲ್ಮಲಾ ನದಿಯ ಪಾತ್ರದ ಬಂಡೆಗಳ ಮೇಲೇ ಲಿಂಗ, ನಂದಿ ಕೆತ್ತಿದ್ದಾರೆ. ಸೋದೆ ಅರಸರ ಕಾಲದ ಕೆಲಸ ಎಂಬ ನಂಬಿಕೆ. ಮಳೆಗಾಲದಲ್ಲಿ ಮುಳುಗುತ್ತವೆ, ಬೇಸಿಗೆಯಲ್ಲಿ ಚೆನ್ನಾಗಿ ಕಾಣುತ್ತವೆ. ಇಲ್ಲಿ ಸೂರೂ ಇಲ್ಲ, ಗಾರೆಯೂ ಇಲ್ಲ, ಹಾಗಾಗಿ ಸೋರುವುದಕ್ಕೆ ಏನೂ ಇಲ್ಲ!

ಪಟಿಯಾಲದ ಕಥೆ

ಬಿದನೂರು ಬಿದ್ದ ಅದೇ 1763ರಲ್ಲಿ ದೂರದ ಪಂಜಾಬಿನಲ್ಲಿ ಬಾಬಾ ಆಲಾ ಸಿಂಗ್ ಪಟಿಯಾಲದ ಕಿಲಾ ಮುಬಾರಕ್ ಕಟ್ಟಿಸಲು ಶುರುಮಾಡಿದ. ಮೊದಲು ಅದು ಬರೀ ಮಣ್ಣಿನ ಕೋಟೆ, ಆಮೇಲೆ ಸುಟ್ಟ ಇಟ್ಟಿಗೆಯಲ್ಲಿ ಮತ್ತೆ ಕಟ್ಟಿದರು. ಅಲ್ಲಿನ ರಾಜವಂಶ ಮುಂದುವರಿದದ್ದರಿಂದ ಶೀಷ್ ಮಹಲ್, ಮೋತಿ ಬಾಗ್ ಅರಮನೆಗಳು ಬಂದವು. ರಾಜರ ಕಾಲ ಮುಗಿದ ಮೇಲೆ ಮೋತಿ ಬಾಗ್ ಏನಾಯಿತು ಗೊತ್ತಾ? 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇರುವುದು ಅಲ್ಲೇ. ದೇಶದ ತರಬೇತುದಾರರು ತಯಾರಾಗುವ ಜಾಗ. ಅರಸರು ಹೋದರೂ ಕಟ್ಟಡಕ್ಕೆ ಹೊಸ ಕೆಲಸ ಸಿಕ್ಕಿತು, ಅದಕ್ಕೇ ಸೂರು ಉಳಿಯಿತು.

ಸದಾಶಿವಗಡ

ಇನ್ನು ಘಟ್ಟ ಇಳಿದು ಕಾರವಾರಕ್ಕೆ ಬರೋಣ. ಕಾಳಿ ನದಿ ಸಮುದ್ರ ಸೇರುವಲ್ಲಿ, ಆಚೆ ದಡದ ಗುಡ್ಡದ ಮೇಲೆ ಸದಾಶಿವಗಡ. ಸೋದೆಯ ಬಸವಲಿಂಗ ನಾಯಕ ಕಟ್ಟಿಸಿ ತಂದೆಯ ಹೆಸರಿಟ್ಟ ಕೋಟೆ. 1752ರಲ್ಲಿ ಪೋರ್ಚುಗೀಸರು ಹಿಡಿದರು. ಇವತ್ತು ಗಡದ ದುರ್ಗಾದೇವಿ ಗುಡಿಗೂ ದರ್ಗಾಕ್ಕೂ ಜನ ಬರುತ್ತಾರೆ. ಅವೆರಡೂ ಚೊಕ್ಕ, ಕೋಟೆಯ ಗೋಡೆ ಮಾತ್ರ ಗಿಡಗಂಟಿಗಳ ಪಾಲು. ಹೆದ್ದಾರಿಗಾಗಿ ಆ ಗುಡ್ಡವನ್ನೇ ಸೀಳಿದ್ದಾರೆ. ಬಸ್ಸು ಕೋಟೆಯ ಹೊಟ್ಟೆಯೊಳಗೇ ಹಾದು ಗೋವೆಗೆ ಹೋಗುತ್ತದೆ.

ಆ ಹೆದ್ದಾರಿಯ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಬದುಕಿಸಿ ಮೇಲೆ ತಂದರು. ಸೇತುವೆಗೆ ವಯಸ್ಸು ಸುಮಾರು ನಾಲ್ಕು ದಶಕ ಮಾತ್ರ. ಮೂರು ಶತಮಾನದ ಕೋಟೆಯ ಬುಡದಲ್ಲಿ ನಿಂತು ಅದನ್ನು ನೋಡಿದಾಗ ನಮಗೆ ನಗು ಬರಲಿಲ್ಲ. ನಾಳೆ ಇಂಥ ಸೇತುವೆಗೆ ಸಹಿ ಹಾಕುವವರು ನಾವೇ ತಾನೆ? ನಮ್ಮ ಪಠ್ಯದಲ್ಲಿ ಕಟ್ಟುವುದಕ್ಕೆ ಎಷ್ಟೊಂದು ಪುಟ, ಕಟ್ಟಿದ್ದನ್ನು ವರ್ಷವರ್ಷ ಹೋಗಿ ನೋಡುವುದಕ್ಕೆ ಎಷ್ಟು ಪುಟ? ನೀವೇ ಎಣಿಸಿ.

ನೀವು ಹೋಗುವಾಗ

ಸಹಸ್ರಲಿಂಗಕ್ಕೆ ಬೇಸಿಗೆಯೇ ಒಳ್ಳೆಯದು. ಕೋಟೆ ಗೋಡೆ ಹತ್ತಬೇಡಿ, ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ. ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ ಇರಲಿ. ಗೋಡೆಯ ದಪ್ಪ, ಬಿರುಕಿನ ಉದ್ದ, ಬೇರು ಹೊಕ್ಕ ಜಾಗ ಬರೆದುಕೊಳ್ಳಿ, ತಾರೀಕು ಹಾಕಿ ಫೋಟೋ ತೆಗೆಯಿರಿ. ಮುಂದಿನ ವರ್ಷದ ಬ್ಯಾಚು ಅದೇ ಜಾಗದಲ್ಲಿ ನಿಂತು ಅದೇ ಬಿರುಕನ್ನು ಮತ್ತೆ ಅಳೆಯಲಿ. ಬಿರುಕು ಬೆಳೆದಿದೆಯೋ ಇಲ್ಲವೋ ಅಂತ ಹೇಳೋಕೆ ಯಾರಾದರೂ ಮೊದಲ ಸಲ ಅಳೆದಿರಬೇಕಲ್ಲ? ಆ ಕೆಲಸ ನಾವು ಶುರುಮಾಡೋಣ.