ನಂಜನಗೂಡು ‘ಎನ್‌ಪಿಜೆಪಿ’ ಆದದ್ದು

ಆ ಭಾನುವಾರ ನನ್ನ ಊರಿನ ಹೆಸರನ್ನು ನಾನೇ ಕೆಡಿಸಿದೆ. ನಂಜನಗೂಡಿನ ನಮ್ಮ ಮನೆ ಜಗಲಿಯಲ್ಲಿ ನಾಲ್ವರು ಹ್ಯಾಮ್ ರೇಡಿಯೊ ಹುಚ್ಚರು ಕೂತಿದ್ದೆವು. ನಡುವೆ ಬ್ಯಾಟರಿಗೆ ಕಟ್ಟಿದ ಬಜರ್, ಒಂದು ಮೋರ್ಸ್ ಕೀ. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಒಂಬತ್ತೂ ಅಕ್ಷರಗಳನ್ನು ಗತ್ತಿನಿಂದ ಕುಟ್ಟಿ ಮುಗಿಸಿದೆ. ಟಿ. ನರಸೀಪುರದಿಂದ ಬಸ್ಸು ಹತ್ತಿ ಬಂದಿದ್ದ ಗೆಳೆಯ ತಾನು ಬರೆದುಕೊಂಡ ಹಾಳೆ ತೋರಿಸಿದ: ‘ಎನ್‌ಪಿಜೆಪಿಜಿಯುಡಿ’.

‘ಇದ್ಯಾವ್ದಪ್ಪ ಹೊಸ ಪಾರ್ಟಿ?’

ತಪ್ಪು ಅವನದಲ್ಲ. ಮೋರ್ಸ್ ಸಂಕೇತದಲ್ಲಿ ‘ಎ’ ಅಂದರೆ ಡಿ-ಡಾ, ‘ಎನ್’ ಅಂದರೆ ಡಾ-ಡಿಟ್. ನಡುವೆ ಬಿಡುವು ಕೊಡದೆ ಒತ್ತಿದರೆ ಡಿ-ಡಾ-ಡಾ-ಡಿಟ್. ಅದು ‘ಪಿ’. ಎರಡು ಸಲವೂ ನಾನು ಮಾಡಿದ್ದು ಅದನ್ನೇ.

ಗುಂಪಿನ ಹಿರಿಯರು ನಗಲಿಲ್ಲ. ‘ಹ್ರಸ್ವ, ದೀರ್ಘ, ಪ್ಲುತ ಓದಿದ್ದೀಯಲ್ಲ?’ ಎಂದರು. ‘ಡಿ’ ಅನ್ನುವ ಚುಕ್ಕೆಗೆ ಒಂದು ಮಾತ್ರೆ, ‘ಡಾ’ ಅನ್ನುವ ಗೆರೆಗೆ ಮೂರು. ಗೆರೆ ದೀರ್ಘವಲ್ಲ, ಪ್ಲುತ. ಕಪಿಲೆಯ ಆಚೆ ದಡದವನನ್ನು ‘ಅಣ್ಣಾ...’ ಎಂದು ಕೂಗುವಷ್ಟು ಉದ್ದ. ಅಕ್ಷರದೊಳಗೆ ಒಂದು ಮಾತ್ರೆ ಬಿಡುವು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಮೋರ್ಸ್ ವೇಗ ಅಳೆಯುವ ಪದ ‘ಪ್ಯಾರಿಸ್’. ಕೊನೆಯ ಬಿಡುವೂ ಸೇರಿ ಅದು 50 ಮಾತ್ರೆ. ಎಲ್ಲರೂ ಹೋದ ಮೇಲೆ ಎಣಿಸಿದೆ: ಸದ್ದು 22, ಮೌನ 28! ಹ್ಯಾಮ್ ಪರವಾನಗಿಯ ಜನರಲ್ ದರ್ಜೆ ಪರೀಕ್ಷೆಗೆ ನಿಮಿಷಕ್ಕೆ 8 ಪದ ಮುಟ್ಟುವ ಆತುರದಲ್ಲಿ ನಾನು ಅರ್ಧಕ್ಕಿಂತ ಹೆಚ್ಚು ಪಾಠವನ್ನೇ ಬಿಟ್ಟಿದ್ದೆ.

ಇನ್ನೊಂದು ತಪ್ಪು, ಗೋಡೆಗೆ ಚಾರ್ಟ್ ಅಂಟಿಸಿ ಕಣ್ಣಿನಲ್ಲಿ ಕಲಿತದ್ದು. ಸದ್ದು ಕೇಳಿ, ಚುಕ್ಕೆ-ಗೆರೆ ನೆನಪಾಗಿ, ಆಮೇಲೆ ಅಕ್ಷರ ಹೊಳೆಯುವಷ್ಟರಲ್ಲಿ ಮುಂದಿನ ಮೂರು ದಾಟಿಹೋಗಿರುತ್ತಿದ್ದವು. ಚಾರ್ಟ್ ಕಿತ್ತೆ. ಜರ್ಮನಿಯ ಲುಡ್ವಿಗ್ ಕೋಖ್ 1930ರ ದಶಕದಲ್ಲಿ ತೋರಿಸಿದ ದಾರಿ ಹಿಡಿದೆ: ಮೊದಲು ಎರಡೇ ಅಕ್ಷರ, ಆದರೆ ಪೂರ್ತಿ ವೇಗದಲ್ಲಿ, ಹತ್ತಕ್ಕೆ ಒಂಬತ್ತು ಸರಿಬಂದ ಮೇಲೆ ಮೂರನೆಯದು. ಭಾನುವಾರದ ಮೂರು ಗಂಟೆಗಿಂತ ದಿನಾ ಕೇಳಿದ ಹದಿನೈದು ನಿಮಿಷವೇ ಕೈಹಿಡಿಯಿತು. ತಪ್ಪಿಹೋದ ಅಕ್ಷರದ ಜಾಗದಲ್ಲಿ ಗೀಟೆಳೆದು ಮುಂದೆ ಹೋಗುವುದೂ ಅಭ್ಯಾಸವಾಯಿತು.

ತಡವಾಗಿ ಕಲಿತದ್ದು, ‘ಕ್ಯೂಆರ್‌ಎಸ್’ ಅನ್ನುವುದನ್ನು: ನಿಧಾನವಾಗಿ ಕಳಿಸಿ ಎಂಬ ಕೋರಿಕೆ. ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೆಂದು ಸುಮ್ಮನಿದ್ದು, ಬಾರದ್ದನ್ನೂ ಬಂತು ಎನ್ನುತ್ತಿದ್ದೆ. ಹ್ಯಾಮ್‌ಗಳ ರೀತಿಯೇ ಬೇರೆ. ಅಲ್ಲಿ ನಿಧಾನದವನ ಹೆಜ್ಜೆಗೆ ಇಳಿಯಬೇಕಾದವನು ವೇಗದವನು.

ಈಗ 40 ಮೀಟರ್ ಬ್ಯಾಂಡಿನಲ್ಲಿ ಯಾರಾದರೂ ‘ಕ್ಯೂಟಿಎಚ್’ ಎಂದು ಊರು ಕೇಳಿದರೆ, ಪ್ರತಿ ‘ಎ’ ಆದಮೇಲೆ ಕೈ ತಾನಾಗಿಯೇ ಮೂರು ಮಾತ್ರೆ ನಿಲ್ಲುತ್ತದೆ. ನರಸೀಪುರದ ಗೆಳೆಯ ಮಾತ್ರ ನನ್ನನ್ನು ಇವತ್ತಿಗೂ ‘ಎನ್‌ಪಿ’ ಎಂದೇ ಕರೆಯುವುದು.