ಎತ್ತಿದ ಕಲ್ಲು: ಕಾವ್ಯಪಾತ್ರಗಳಲ್ಲಿ ಒಳಿತು ಮತ್ತು ಕ್ರೌರ್ಯ

ಪಾತ್ರಚಿತ್ರಣದ ಪ್ರಶ್ನೆಗೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಬರೆಯುವ ಉತ್ತರಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಈ ಪಾತ್ರವು ಸದ್ಗುಣಗಳ ಸಾಕಾರಮೂರ್ತಿ. ಅಂಕ ದೊರೆಯಬಹುದು, ಆದರೆ ಪಾತ್ರ ಕೈಗೆ ಸಿಗುವುದಿಲ್ಲ. ಒಳಿತನ್ನು ಒಂದು ಪಾತ್ರಕ್ಕೆ, ಕ್ರೌರ್ಯವನ್ನು ಮತ್ತೊಂದಕ್ಕೆ ಹಂಚಿ ಓದುವ ರೂಢಿ ನಮಗೆ ಬಾಲ್ಯದ ಗೋವಿನ ಹಾಡಿನಿಂದ ಬಂದಿರಬೇಕು. ಅಲ್ಲಿಯೂ ಈ ಹಂಚಿಕೆ ಪೂರ್ತಿ ನಿಲ್ಲದು. ಪುಣ್ಯಕೋಟಿ ಹುಲಿಯನ್ನು ಸೋಲಿಸುವುದಿಲ್ಲ. ಆಡಿದ ಮಾತಿನಂತೆ ಮರಳಿ ಬಂದು ನಿಲ್ಲುತ್ತದೆ. ಉಳಿದದ್ದೆಲ್ಲ ಹುಲಿಯ ಒಳಗೇ ನಡೆಯುತ್ತದೆ.

ಮರಾಠಿಯಲ್ಲಿ ಅನಾಗರಿಕನಿಗೆ ‘ರಾನಟಿ’ ಎನ್ನುತ್ತೇವೆ. ‘ರಾನ’ ಎಂದರೆ ಕಾಡು. ಆದರೆ ಸೊಲ್ಲಾಪುರ, ಅಕ್ಕಲಕೋಟೆಯ ಹಳ್ಳಿಗಳಲ್ಲಿ ‘ರಾನಕ್ಕೆ ಹೋಗುತ್ತೇನೆ’ ಎಂದು ಮರಾಠಿಯಲ್ಲಿ ಹೇಳುವ ರೈತ ಹೊರಡುವುದು ತಾನು ಉಳುವ ಹೊಲಕ್ಕೆ. ಕಾಡಿಗೂ ಹೊಲಕ್ಕೂ ಒಂದೇ ಹೆಸರು. ಎರಡು ಭಾಷೆ ಬಲ್ಲವರು ಈ ಸೌಕರ್ಯವನ್ನು ಬಿಡಬಾರದು.

ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209) ಈ ದೃಷ್ಟಿಯಿಂದ ಕನ್ನಡದ ಬಹು ಸೂಕ್ಷ್ಮವಾದ ಕಾವ್ಯ. ಅಮೃತಮತಿ ಅಷ್ಟಾವಂಕನೊಡನೆ ಇರುವುದನ್ನು ಕಣ್ಣಾರೆ ಕಂಡ ಯಶೋಧರ ಕತ್ತಿಯೆತ್ತುತ್ತಾನೆ. ಆದರೆ ಕೊಲ್ಲದೆ ಹಿಂದೆ ಸರಿಯುತ್ತಾನೆ. ಇಲ್ಲಿಗೆ ಕಥೆ ಮುಗಿದಿದ್ದರೆ ಅವನು ಸಂಯಮಮೂರ್ತಿ. ಮುಂದೆ ತಾಯಿ ಚಂದ್ರಮತಿ ಪ್ರಾಣಿಬಲಿಗೆ ಒತ್ತಾಯಿಸುತ್ತಾಳೆ. ಜೀವಹಿಂಸೆ ಒಲ್ಲೆನೆಂದರೂ ಅವನು ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ! ಅಂತಃಪುರದಲ್ಲಿ ತಡೆದ ಕೈ ಬಲಿಪೀಠದ ಎದುರು ಬೇರೊಂದು ದಾರಿ ಹುಡುಕಿಕೊಂಡಿತು. ಜೈನರು ಇದನ್ನು ಸಂಕಲ್ಪ ಹಿಂಸೆ ಎನ್ನುತ್ತಾರೆ. ತಾಯಿಮಗ ಇಬ್ಬರೂ ಪ್ರಾಣಿಜನ್ಮಗಳನ್ನು ಸುತ್ತಿ, ಕೊನೆಗೆ ಅಭಯರುಚಿ, ಅಭಯಮತಿ ಎಂಬ ಎಳೆಯರಾಗಿ ಮಾರಿದತ್ತನ ಕತ್ತಿಯ ಮುಂದೆ ನಿಲ್ಲುತ್ತಾರೆ. ಅವರ ಕೈಯಲ್ಲಿ ಆಯುಧವಿಲ್ಲ, ಹೇಳಲು ಒಂದು ಕಥೆಯಿದೆ, ಅದೂ ತಮ್ಮದೇ ಹಿಂಸೆಯ ಕಥೆ. ಹಾಗಾಗಿಯೇ ಮಾರಿದತ್ತ ಅದನ್ನು ಕೇಳುತ್ತಾನೆ ಎಂದು ನನ್ನ ಅಭಿಪ್ರಾಯ. ನಿರ್ದೋಷಿಗಳ ಉಪದೇಶವಾಗಿದ್ದರೆ ಅವನು ಕೇಳುತ್ತಿದ್ದನೋ ಇಲ್ಲವೋ.

ಇನ್ನು ನಮ್ಮೂರಿನದೇ ಪ್ರಸಂಗ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ಕರ್ಮಯೋಗಿ. ರಾಘವಾಂಕನಿಂದ ಜಯದೇವಿತಾಯಿ ಲಿಗಾಡೆಯವರವರೆಗೆ ಅನೇಕರು ಅವನನ್ನು ಹಾಡಿದ್ದಾರೆ. ಐತಿಹಾಸಿಕ ವ್ಯಕ್ತಿಯಾದರೂ ‘ಶೂನ್ಯಸಂಪಾದನೆ’ಯಲ್ಲಿ ಅವನು ಸಂಕಲನಕಾರರು ರೂಪಿಸಿದ ಪಾತ್ರ, ಇಲ್ಲಿ ನಮಗೆ ಬೇಕಾದುದು ಆ ಪಾತ್ರವೇ. ಅಲ್ಲಮಪ್ರಭು ಬಂದು, ಕೆರೆ ಅಗೆಯುತ್ತಿದ್ದವರನ್ನು, ನಿಮ್ಮ ಒಡ್ಡ ರಾಮನೆಲ್ಲಿ ಎಂದು ಕೇಳುತ್ತಾನೆ. ಗುರುನಿಂದೆಯೆಂದು ಕೆರಳಿದ ಕೆಲಸಗಾರರು ಕಲ್ಲು ಬೀರುತ್ತಾರೆ. ಕೆರೆಯ ಕೆಲಸದಲ್ಲಿ ಕಲ್ಲಿಗೇನು ಬರ? ಯಾರದೋ ದಾಹ ತೀರಲೆಂದು ಅಗೆದು ತೆಗೆದ ಕಲ್ಲುಗಳೇ ಅವು. ಒಂದೂ ಅಲ್ಲಮನಿಗೆ ತಾಗುವುದಿಲ್ಲ. ಸುದ್ದಿ ಕೇಳಿ ಬಂದ ಸಿದ್ಧರಾಮ ತಾನೂ ಕೋಪದಿಂದ ಉರಿಗಣ್ಣು ತೆರೆಯುತ್ತಾನೆ; ಆ ಬೆಂಕಿ ಅಲ್ಲಮನ ಪಾದದಲ್ಲಿ ಅಡಗುತ್ತದೆ.

ಇಲ್ಲಿ ದುಷ್ಟರು ಯಾರೂ ಇಲ್ಲವೆಂಬುದನ್ನು ಗಮನಿಸಿ. ಕಲ್ಲೆಸೆದವರು ಭಕ್ತರು, ಕೆರಳಿದವನು ಪರೋಪಕಾರಿ. ಒಳ್ಳೆಯ ಕೆಲಸ ಮಾಡುತ್ತಿದ್ದೇವೆಂಬ ಅಭಿಮಾನವೇ ಅವರ ಕೈಗೆ ಕಲ್ಲು ಕೊಟ್ಟಿತು. ತಮ್ಮ ಆರಾಧ್ಯರಲ್ಲೇ ಒಬ್ಬನನ್ನು ಹೀಗೆ ಕೋಪದಲ್ಲಿ ನಿಲ್ಲಿಸಿ ತೋರಿಸಿದ ಸಂಕಲನಕಾರರ ಧೈರ್ಯ ಸಣ್ಣದಲ್ಲ. ಆ ಕೋಪವನ್ನು ಮುಚ್ಚಿಟ್ಟಿದ್ದರೆ, ಮುಂದೆ ಅಲ್ಲಮನ ಮಾತಿಗೆ ಮಣಿದು ಕಲ್ಯಾಣಕ್ಕೆ ಹೊರಡುವ ಸಿದ್ಧರಾಮನಿಗೆ ತೂಕವೇ ಬರುತ್ತಿರಲಿಲ್ಲ.

ವಿಲಿಯಂ ಗೋಲ್ಡಿಂಗ್‌ನ ‘ಲಾರ್ಡ್ ಆಫ್ ದಿ ಫ್ಲೈಸ್’ (1954) ಕಾದಂಬರಿಯಲ್ಲಿಯೂ ಕಲ್ಲು ಬರುತ್ತದೆ. ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರಲ್ಲಿ ರೋಜರ್ ಎಂಬವನು ಮೊದಲು ಒಬ್ಬ ಚಿಕ್ಕವನ ಸುತ್ತ, ಬೇಕೆಂದೇ ಗುರಿ ತಪ್ಪಿಸಿ, ಕಲ್ಲೆಸೆಯುತ್ತಾನೆ. ಮನೆ, ಶಾಲೆ, ಪೊಲೀಸರ ಅಂಕೆ ಅವನ ತೋಳಿನಲ್ಲಿ ಇನ್ನೂ ಉಳಿದಿರುತ್ತದೆ. ಕೊನೆಕೊನೆಗೆ ಅವನೇ ಬಂಡೆಯುರುಳಿಸಿ ಪಿಗ್ಗಿಯನ್ನು ಕೊಲ್ಲುತ್ತಾನೆ. ಸತ್ಯ ಹೇಳಲು ಓಡಿಬಂದ ಸೈಮನ್ ಅದಕ್ಕೂ ಮೊದಲೇ ಗುಂಪಿನ ಕೈಯಲ್ಲಿ ಸತ್ತಿರುತ್ತಾನೆ. ಜನ್ನನಲ್ಲಿ ಎಳೆಯರು ಅರಸನ ಕ್ರೌರ್ಯವನ್ನು ಇಳಿಸುತ್ತಾರೆ, ಗೋಲ್ಡಿಂಗ್‌ನಲ್ಲಿ ಎಳೆಯರೇ ಕ್ರೂರರಾಗುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬಂದ ಲೇಖಕನಿಗೆ ಮಾರಿದತ್ತನ ಪರಿವರ್ತನೆ ನಂಬಲರ್ಹವಾಗಿ ಕಾಣುತ್ತಿರಲಿಲ್ಲವೇನೋ. ಆದರೂ ಸೈಮನ್‌ನ ಪಾತ್ರ ಸೋತಿತೆಂದು ನಾನು ಓದುವುದಿಲ್ಲ. ತಾವು ಹೆದರುವ ಮೃಗ ತಮ್ಮೊಳಗೇ ಇದೆಯೆಂದು ಆ ದ್ವೀಪದಲ್ಲಿ ಮೊದಲು ಊಹಿಸಿದವನು ಅವನೊಬ್ಬನೇ.

ಮರಾಠಿ ಬಲ್ಲ ವಿದ್ಯಾರ್ಥಿಗಳು ವಿಜಯ ತೆಂಡೂಲ್ಕರರ ‘ಗಿಧಾಡೆ’ ನಾಟಕದ ರಮಾಳನ್ನು ಇವರ ಪಕ್ಕದಲ್ಲಿಟ್ಟು ನೋಡಬಹುದು. ಮುಂದಿನ ತರಗತಿಗೆ ಬರುವಾಗ ಶೂನ್ಯಸಂಪಾದನೆಯ ಸಿದ್ಧರಾಮನ ಪ್ರಸಂಗವನ್ನು ಓದಿ, ಕಲ್ಲೆಸೆದ ಕೆಲಸಗಾರರ ಕಡೆಯಿಂದ ಒಂದು ಪುಟ ಬರೆದು ತನ್ನಿ. ಅವರಿಗೆ ಹೆಸರಿಲ್ಲ, ಹೆಸರಿಡುವುದೂ ಬೇಡ.