ತುಂಗಭದ್ರಾ ಜಲಾಶಯವೂ ಗಣಕಯಂತ್ರದ ಮಾದರಿ ಲೆಕ್ಕವೂ

ಹೊಸಪೇಟೆ, ಕಂಪ್ಲಿ ಮುಂತಾದ ಅಚ್ಚುಕಟ್ಟಿನ ಸೀಮೆಗಳಲ್ಲಿ ಮಳೆಗಾಲವು ಮುಗಿಯುತ್ತ ಬಂದೊಡನೆ ಗ್ರಾಮದ ಮುಖಂಡರೂ ಜಮೀನುದಾರರೂ ಕೇಳುವ ಪ್ರಶ್ನೆಯು ಒಂದೇ ಆಗಿರುತ್ತದೆ. ಎರಡನೆಯ ಬೆಳೆಗೆ ಕಾಲುವೆಯ ನೀರು ದೊರೆಯುವುದೇ? ದೊರೆತರೂ ತೆನೆ ಬಲಿಯುವವರೆಗೆ ಹರಿಯುವುದೇ? ಸಸಿಮಡಿಗೆ ಬೀಜ ಚೆಲ್ಲಿ, ಗೊಬ್ಬರಕ್ಕೆ ಸಾಲ ತಂದು, ನಾಟಿಯನ್ನೂ ಮುಗಿಸಿದ ತರುವಾಯ ನೀರು ನಿಂತುಹೋದವನಿಗೆ ಆಗುವ ನಷ್ಟವು, ನೀರಿಲ್ಲವೆಂದು ಮೊದಲೇ ತಿಳಿದು ಕಡಲೆಯನ್ನೋ ಜೋಳವನ್ನೋ ಬಿತ್ತಿದವನ ನಷ್ಟಕ್ಕಿಂತ ಬಹಳ ಹೆಚ್ಚಿನದು. ಈ ಪ್ರಶ್ನೆಗೆ ಮುಂಚಿತವಾಗಿ ಉತ್ತರವನ್ನು ಹುಡುಕತಕ್ಕ ವಿಧಾನಗಳಲ್ಲಿ ಗಣಕಯಂತ್ರದ, ಎಂದರೆ ಕಂಪ್ಯೂಟರಿನ, ಮಾದರಿ ಲೆಕ್ಕವೂ ಒಂದು. ಮಾದರಿಯನ್ನು ಕಟ್ಟುವುದಕ್ಕೆ ಮಾಡೆಲಿಂಗ್ ಎಂದೂ, ಕಟ್ಟಿದ ಮಾದರಿಯನ್ನು ದಿನದಿಂದ ದಿನಕ್ಕೆ ನಡೆಯಿಸಿ ನೋಡುವುದಕ್ಕೆ ಸಿಮ್ಯುಲೇಷನ್ ಎಂದೂ ಹೆಸರು. ಹೆಸರನ್ನು ಕೇಳಿ ಯಾರೂ ಹಿಂಜರಿಯಬೇಕಾದುದಿಲ್ಲ. ಜಮಾಖರ್ಚಿನ ಲೆಕ್ಕ ಬಲ್ಲವರಿಗೆ ಇದರ ಮೂಲವು ಹೊಸದಲ್ಲ.

ಮಾದರಿಯೆಂದರೆ ನಿಜವಾದ ವಸ್ತುವಿನ ಮೇಲೆ ಮಾಡಲಾಗದ ಪರೀಕ್ಷೆಯನ್ನು ಮಾಡುವುದಕ್ಕಾಗಿ ಏರ್ಪಡಿಸಿದ ಪ್ರತಿರೂಪ. 1916ರಲ್ಲಿ ಆರಂಭವಾಗಿ ಈಗ ಪುಣೆಯ ಬಳಿಯ ಖಡಕ್ವಾಸ್ಲಾದಲ್ಲಿರುವ ಸಂಶೋಧನಾ ಕೇಂದ್ರದಲ್ಲಿ ನದಿಗಳನ್ನೂ ಅಣೆಕಟ್ಟುಗಳನ್ನೂ ಚಿಕ್ಕದಾಗಿ ಕಟ್ಟಿ, ಅವುಗಳ ಮೇಲೆ ನೀರು ಹರಿಸಿ ಪರೀಕ್ಷಿಸುವ ಪದ್ಧತಿಯುಂಟು. ಗಣಕಯಂತ್ರದ ಮಾದರಿಯಲ್ಲಿ ಮರಳೂ ಇಲ್ಲ, ನೀರೂ ಇಲ್ಲ. ಅವುಗಳ ಸ್ಥಾನದಲ್ಲಿ ಅಂಕಿಗಳಿರುವುವು.

ಜಲಾಶಯದ ಮಾದರಿಯು ಒಂದು ಸಾಲಿನಲ್ಲಿ ಅಡಗಿದೆ. ಇಂದಿನ ಸಂಗ್ರಹಕ್ಕೆ ಒಳಹರಿವನ್ನು ಕೂಡಿಸಿ, ಕಾಲುವೆಗಳಿಗೂ ನದಿಗೂ ಬಿಟ್ಟ ನೀರನ್ನೂ ಆವಿಯಾದ ನೀರನ್ನೂ ಕಳೆದರೆ ನಾಳೆಯ ಸಂಗ್ರಹ. ಹಾಗೆ ಬಂದ ಮೊತ್ತವು ಜಲಾಶಯದ ಸಾಮರ್ಥ್ಯವನ್ನು ಮೀರಿದರೆ ಮೀರಿದಷ್ಟು ನೀರು ಗೇಟುಗಳ ಮೂಲಕ ನದಿಗೆ ಹೋಗತಕ್ಕದ್ದು. ಇಷ್ಟೇ ನಿಯಮ.

ಅಳತೆಗಳನ್ನು ಮಾತ್ರ ಸರಿಯಾಗಿ ತಿಳಿದಿರಬೇಕು. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ಅದೇ ನೀರು ಒಂದು ದಿನ ಹರಿದರೆ 86,400 ಘನ ಅಡಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಆದುದರಿಂದ 10,000 ಕ್ಯೂಸೆಕ್ ಒಂದು ದಿನ ಹರಿದರೆ 0.864 ಟಿ.ಎಂ.ಸಿ. ಆಗುವುದು. ಈಗ ಉದಾಹರಣೆಗೆಂದು ಕಲ್ಪಿಸಿದ ಒಂದು ದಿನವನ್ನು ನೋಡಬಹುದು. ಸಂಗ್ರಹ 60 ಟಿ.ಎಂ.ಸಿ., ಒಳಹರಿವು 30,000 ಕ್ಯೂಸೆಕ್, ಎಂದರೆ 2.592 ಟಿ.ಎಂ.ಸಿ., ಬಿಟ್ಟ ನೀರು 10,000 ಕ್ಯೂಸೆಕ್, ಆವಿಯಾದದ್ದು 0.05 ಟಿ.ಎಂ.ಸಿ. ಎಂದಿಟ್ಟುಕೊಂಡರೆ ಮರುದಿನದ ಸಂಗ್ರಹವು 61.678 ಟಿ.ಎಂ.ಸಿ. ಈ ಮೊತ್ತವನ್ನೇ ಮೇಲಕ್ಕೆ ತೆಗೆದುಕೊಂಡು ಅದರ ಮರುದಿನದ ಲೆಕ್ಕವನ್ನು ಮಾಡತಕ್ಕದ್ದು. ಹೀಗೆ ದಿನದಿನಕ್ಕೆ ಮುಂದೆ ಸಾಗುವುದೇ ಸಿಮ್ಯುಲೇಷನ್.

ಆವಿಯ ಬಾಬ್ತು ಅಲ್ಪವೆಂದು ಯಾರಾದರೂ ಬಿಟ್ಟುಬಿಟ್ಟರೆ ಲೆಕ್ಕವು ಕೆಡುವುದು. 1976ರಲ್ಲಿ ಅಂತಿಮಗೊಂಡ ಕೃಷ್ಣಾ ಜಲವಿವಾದ ನ್ಯಾಯಮಂಡಲಿಯ ತೀರ್ಪಿನಲ್ಲಿ ತುಂಗಭದ್ರಾ ಯೋಜನೆಗೆಂದು ಎಣಿಸಿದ 230 ಟಿ.ಎಂ.ಸಿ.ಯಲ್ಲಿ 18 ಟಿ.ಎಂ.ಸಿ. ಆವಿಗಾಗಿಯೇ ಹೋಗತಕ್ಕ ನೀರು. ಸರಾಸರಿಯಲ್ಲಿ ದಿನಕ್ಕೆ ಸುಮಾರು 0.05; ಬೇಸಿಗೆಯಲ್ಲಿ ಹೆಚ್ಚು, ಮೋಡ ಮುಸುಕಿದ ದಿನಗಳಲ್ಲಿ ಕಡಿಮೆ. ಇನ್ನು ಜಲಾಶಯದಲ್ಲಿ ಹಿಡಿಯುವ ನೀರಿಗಿಂತ ಬಳಕೆಯ ನೀರು ಇಮ್ಮಡಿಯಾಗಿರುವುದು ಹೇಗೆಂದು ಕೆಲವರು ಸಂದೇಹಪಡುವುದುಂಟು. ಕಣಜಕ್ಕೆ ಒಂದು ಕಡೆಯಿಂದ ಧಾನ್ಯವನ್ನು ತುಂಬುತ್ತ ಇನ್ನೊಂದು ಕಡೆಯಿಂದ ತೆಗೆಯುತ್ತ ಇದ್ದರೆ, ವರ್ಷದಲ್ಲಿ ಅಳೆದ ಧಾನ್ಯವು ಕಣಜದ ಅಳತೆಗಿಂತ ಹೆಚ್ಚಾಗುವುದು ಸಹಜವೇ. ನಿಂತ ನೀರು ಬೇರೆ, ಹರಿದ ನೀರು ಬೇರೆ. ಮಾದರಿಯಲ್ಲಿ ಇವೆರಡನ್ನು ಬೆರಸಕೂಡದು.

ಇಷ್ಟು ಸುಲಭವಾದ ಲೆಕ್ಕಕ್ಕೆ ಯಂತ್ರವೇತಕ್ಕೆ? ಮುಂದೆ ಬರುವ ಮಳೆ ಯಾರಿಗೂ ತಿಳಿಯದು. ಆದಕಾರಣ ಹಿಂದಿನ ವರ್ಷಗಳ ಒಳಹರಿವಿನ ದಾಖಲೆಯನ್ನು ತೆಗೆದು, ಅಂಥದೇ ವರ್ಷ ಮತ್ತೆ ಬಂದರೆ ಏನಾಗುವುದೆಂದು ಒಂದೊಂದನ್ನೂ ನಡೆಯಿಸಿ ನೋಡಬೇಕಾಗುತ್ತದೆ. ನಲವತ್ತು ವರ್ಷಗಳಿಗೆ 14,600 ಸಾಲುಗಳಾಗುವುವು. ಕಾಲುವೆಯನ್ನು ತೆರೆಯುವ ಹತ್ತು ಬೇರೆ ಬೇರೆ ತಾರೀಖುಗಳನ್ನು ಹೋಲಿಸಬೇಕಾದರೆ 1,46,000 ಸಾಲುಗಳು. ಕೈಬರಹದಲ್ಲಿ ಇದು ತಿಂಗಳುಗಟ್ಟಲೆಯ ದುಡಿಮೆ. ಯಂತ್ರಕ್ಕೆ ಕ್ಷಣಮಾತ್ರದ ಕೆಲಸ. ನಲವತ್ತರಲ್ಲಿ ಮೂವತ್ತು ವರ್ಷ ನೀರು ಸಾಕಾಗಿ ಹತ್ತು ವರ್ಷ ಸಾಲದೆ ಬಂದಿತೆಂದು ಭಾವಿಸಿದರೆ, ಎರಡನೆಯ ಬತ್ತದ ಬೆಳೆಗೆ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆಯೆಂದು ಅರ್ಥ. ಅದನ್ನು ಸಹಿಸುವುದೋ ಬಿಡುವುದೋ ರೈತನ ಶಕ್ತಿಗೆ ಸೇರಿದ ಮಾತು. ಯಂತ್ರವು ಆ ತೀರ್ಮಾನವನ್ನು ಮಾಡಲಾರದು. ಕಾಲುವೆಯ ಮೊದಲಿನ ತೂಬಿನವನಿಗೆ ಸಹ್ಯವಾದ ಅಪಾಯವು ಕೊನೆಯ ತೂಬಿನವನಿಗೆ ಸಹ್ಯವಾಗಲಾರದೆಂಬುದನ್ನೂ ಮುಖಂಡರು ಗಮನಿಸಬೇಕು.

ಮಾದರಿಯು ಕೊಟ್ಟ ಅಂಕಿಗಳಿಗೆ ಮಾತ್ರ ವಿಧೇಯವಾಗಿರುವುದು. ಅಂಕಿಯು ಹಳತಾಗಿದ್ದರೆ ಉತ್ತರವೂ ಹಳತೇ. ತುಂಗಭದ್ರಾ ಜಲಾಶಯದಲ್ಲಿ ಮೊದಲಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ನದಿಯು ತಂದ ಹೂಳು ತುಂಬುತ್ತ ಬಂದು, ತರುವಾಯದ ಅಳತೆಯಲ್ಲಿ ಸಾಮರ್ಥ್ಯವು 105.788 ಟಿ.ಎಂ.ಸಿ. ಎಂದು ಗೊತ್ತಾಯಿತು. ಕಡಿಮೆಯಾದದ್ದು ಸುಮಾರು 27 ಟಿ.ಎಂ.ಸಿ.; ಅದು 10,000 ಕ್ಯೂಸೆಕ್ಕಿನಂತೆ 31 ದಿನ ಹರಿಯತಕ್ಕ ನೀರು. ಜಲಾಶಯ ತುಂಬಿದ ವರ್ಷದಲ್ಲಿ ಹಳೆಯ ಕೋಷ್ಟಕವನ್ನೇ ನಂಬಿ ಲೆಕ್ಕ ಮಾಡಿದವನಿಗೆ ಇಲ್ಲದ ಒಂದು ತಿಂಗಳ ನೀರು ಕಾಗದದ ಮೇಲೆ ಕಾಣುವುದು. ಆ ತಿಂಗಳು ಬೆಳೆಯ ಕೊನೆಯ ತಿಂಗಳೇ ಆಗಿರುವುದರಿಂದ ಪೆಟ್ಟು ಬೀಳುವುದು ತೆನೆಗೆ.

ಮಾದರಿಯನ್ನು ಒರೆಗೆ ಹಚ್ಚದೆ ನಂಬಕೂಡದು. ಇದನ್ನು ರೈತನು ತನ್ನ ಗದ್ದೆಯಲ್ಲಿಯೇ ಕಲಿಯಬಹುದು. ಒಂದು ಮಡಿಯಲ್ಲಿ ಗುರುತು ಹಾಕಿದ ಕೋಲನ್ನು ನೆಟ್ಟು ಪ್ರತಿದಿನ ಬೆಳಗ್ಗೆ ನೀರಿನ ಆಳವನ್ನು ಬರೆದಿಡಲಿ. ಮಳೆ ಬಾರದ, ನೀರು ಕಟ್ಟದ ದಿನಗಳಲ್ಲಿ ನೀರು ದಿನಕ್ಕೆ 8 ಮಿಲಿಮೀಟರು ಇಳಿಯುವುದೆಂದು ಮೊದಲು ಊಹಿಸಿ, ವಾರದ ಆಳವನ್ನು ಮುಂಚೆಯೇ ಬರೆಯಲಿ. ಕೋಲು ತೋರಿಸುವ ಇಳಿತ 11 ಆದರೆ, ಆ ಮಣ್ಣಿನಲ್ಲಿ ಜಿನುಗುವ ನೀರಿಗೋ ಬದುವಿನ ಬಿಲಕ್ಕೋ ಎಣಿಕೆಯಲ್ಲಿ ಸ್ಥಾನ ಸಿಕ್ಕಿರಲಿಲ್ಲವೆಂದು ತಿಳಿಯುವುದು. ಬಿಲವಿದ್ದರೆ ಮುಚ್ಚಿ, ಅಂಕಿಯನ್ನು ತಿದ್ದಿ, ಮುಂದಿನ ವಾರಕ್ಕೆ ಮತ್ತೆ ಪರೀಕ್ಷಿಸತಕ್ಕದ್ದು. ತಿದ್ದಲು ಬಳಸಿದ ವಾರದಲ್ಲಿಯೇ ಲೆಕ್ಕ ಸರಿಬಂದರೆ ಹೆಚ್ಚುಗಾರಿಕೆಯೇನೂ ಇಲ್ಲ; ಬಳಸದ ವಾರದಲ್ಲಿ ಸರಿಬಂದರೆ ಮಾತ್ರ ಮಾದರಿಯು ನಂಬಿಕೆಗೆ ಯೋಗ್ಯ. ದೊಡ್ಡ ಜಲಾಶಯದ ಮಾದರಿಗೂ ಇದೇ ಪರೀಕ್ಷೆ: ಕೆಲವು ವರ್ಷಗಳ ದಾಖಲೆಯಿಂದ ಅದನ್ನು ತಿದ್ದಿ, ಬೇರೆ ವರ್ಷಗಳ ಮಟ್ಟವನ್ನು ಅದು ಹೇಳುವುದೋ ಎಂದು ನೋಡುವರು.

ಮಾದರಿಯಲ್ಲಿ ಸೇರಿಸದ ಸಂಗತಿಯನ್ನು ಮಾದರಿಯು ಹೇಳಲಾರದು. 2024ನೆಯ ಇಸವಿ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿಯು ತುಂಡಾಗಿ ಗೇಟು ಕೊಚ್ಚಿಹೋಯಿತು. ನೀರಿನ ಜಮಾಖರ್ಚಿನಲ್ಲಿ ಸರಪಳಿಗೆ ಸ್ಥಳವಿಲ್ಲ. ಮಳೆಯ ದಾಖಲೆಯನ್ನು ಎಷ್ಟು ವರ್ಷ ಹಿಂದಕ್ಕೆ ನೋಡಿದರೂ ಅದು ಕಾಣದು. ಆದರೆ ಅವಘಡವಾದ ಮರುಕ್ಷಣದಲ್ಲಿ ಎದ್ದ ಪ್ರಶ್ನೆಯು ಮಾದರಿಗೆ ತಕ್ಕದ್ದೇ ಆಗಿತ್ತು: ತಾತ್ಕಾಲಿಕ ಗೇಟನ್ನು ಇಳಿಸಲು ಎಷ್ಟು ನೀರನ್ನು ಹೊರಬಿಡಬೇಕು, ಉಳಿದ ಮಳೆಗಾಲದಲ್ಲಿ ಅದು ಮತ್ತೆ ತುಂಬುವುದೇ? ಆಗಸ್ಟ್ 17ರ ಹೊತ್ತಿಗೆ ತಾತ್ಕಾಲಿಕ ತುಂಡುಗಳ ಜೋಡಣೆ ಮುಗಿಯಿತು. ಅದೇ ಮಳೆಗಾಲದಲ್ಲಿ ಜಲಾಶಯವೂ ಮತ್ತೆ ತುಂಬಿತು. ಮರುವರ್ಷ, 2025ರಲ್ಲಿ, ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು ಸುಮಾರು 80 ಟಿ.ಎಂ.ಸಿ.ಗೆ ಮಿತಿಗೊಳಿಸಲಾಯಿತು. ಅಂಥ ವರ್ಷದಲ್ಲಿ ಹೂಳಿನ ಕೋಷ್ಟಕವು ಸರಿಯಾಗಿದ್ದರೂ ಸಾಲದು. ಮೇಲಿನ ಮಿತಿಯ ಜಾಗದಲ್ಲಿ 105.788ನ್ನು ಅಳಿಸಿ 80 ಎಂದು ಬರೆಯದಿದ್ದರೆ ಲೆಕ್ಕವೆಲ್ಲ ವ್ಯರ್ಥ.

ಹೊಸಪೇಟೆಯಲ್ಲಿರುವ ತುಂಗಭದ್ರಾ ಮಂಡಳಿಯಿಂದ ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವುಗಳ ದೈನಂದಿನ ಅಂಕಿಗಳು ಪ್ರಕಟವಾಗುತ್ತವೆ. ಗ್ರಾಮದ ಮುಖಂಡರು ಇವನ್ನು ಒಂದು ಪುಸ್ತಕದಲ್ಲಿ ಬರೆಯಿಸಿಡಬಹುದು. ಕಂಪ್ಯೂಟರು ಬಲ್ಲ ಊರಿನ ಹುಡುಗರು ಅದನ್ನೇ ಕೋಷ್ಟಕವಾಗಿ ಮಾಡಿಕೊಡುವರು. ನೀರಾವರಿ ಸಲಹಾ ಸಮಿತಿಯು ಕಾಲುವೆಯ ತಾರೀಖುಗಳನ್ನು ತೀರ್ಮಾನಿಸುವ ಮೊದಲು ಆ ಪುಸ್ತಕವನ್ನು ಮುಂದಿಟ್ಟುಕೊಂಡು, ಲೆಕ್ಕದಲ್ಲಿ ಸಾಮರ್ಥ್ಯವನ್ನು ಯಾವ ವರ್ಷದ ಅಳತೆಯಿಂದ ತೆಗೆದುಕೊಂಡಿದೆ, ಮೇಲಿನ ಮಿತಿ ಎಷ್ಟು, ಎಷ್ಟು ವರ್ಷಗಳ ಒಳಹರಿವನ್ನು ನಡೆಯಿಸಿ ನೋಡಿದೆ, ಅವುಗಳಲ್ಲಿ ಎಷ್ಟು ವರ್ಷ ಕೊನೆಯ ತೂಬಿಗೆ ನೀರು ಮುಟ್ಟಿತು ಎಂದು ವಿಚಾರಿಸತಕ್ಕದ್ದು. ಸಸಿಮಡಿಗೆ ಬೀಜ ಚೆಲ್ಲುವುದು ಈ ಉತ್ತರಗಳು ಬಂದ ಮೇಲೆ.